ಒಂದೇ ರೈಫಲ್ ಇಟ್ಟುಕೊಳ್ಳುವವರಿಗೆ ಯಾವ ತೋಟಾ ಸರಿ?

ಅಮೆರಿಕದಲ್ಲಿ ಜಿಂಕೆ, ಎಲ್ಕ್ (ಅಲ್ಲಿನ ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಇಳಿಯುವ ನಮ್ಮವರು ಮೊದಲು ಕೇಳುವುದು "ಯಾವ ಕಂಪನಿ ರೈಫಲ್ ತಗೊಳ್ಳಲಿ?" ಅಂತ. ಕಂಪನಿ ಯಾವುದಾದರೂ ನಡೆಯುತ್ತದೆ. ಸ್ಕೋಪ್ (ಗುರಿ ನೋಡುವ ದುರ್ಬೀನು) ಇಷ್ಟವಾಗದಿದ್ದರೆ ಬೇರೆ ಹಾಕಬಹುದು, ಹೆಗಲಿಗೆ ಆನಿಸುವ ಹಿಂಭಾಗ, ಅಂದರೆ ಸ್ಟಾಕ್ ಉದ್ದವಾದರೆ ಕತ್ತರಿಸಬಹುದು, ಪಟ್ಟಿ ಬದಲಾಯಿಸಬಹುದು. ತೋಟಾ ಹಾಗಲ್ಲ. ನಳಿಗೆಯ ಚೇಂಬರ್ (ತೋಟಾ ಕೂರುವ ಗೂಡು) ಯಾವ ತೋಟಾಕ್ಕೆ ಕೊರೆದಿದ್ದಾರೋ, ನಳಿಗೆಯನ್ನೇ ಬದಲಾಯಿಸುವ ತನಕ ಅದೇ. ಹಾಗಾಗಿ ತೋಟಾ ಮೊದಲು ತೀರ್ಮಾನಿಸಿ, ರೈಫಲ್ ಆಮೇಲೆ ಹುಡುಕಿ.

ಇಲ್ಲಿ ತೋಟಾ ಅಂದರೆ ಹಿತ್ತಾಳೆ ಕೇಸು, ಕೇಪು, ಮದ್ದು, ಗುಂಡು ನಾಲ್ಕೂ ಸೇರಿದ್ದು. ಗುಂಡು ಅಂದರೆ ನಳಿಗೆಯಿಂದ ಹೊರಗೆ ಹೋಗುವ ಭಾಗ ಮಾತ್ರ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. 150 ಗ್ರೇನ್ ಅಂದರೆ ಹತ್ತಿರ ಹತ್ತಿರ 9.7 ಗ್ರಾಂ.

ನಾನು ಮಾತಾಡುತ್ತಿರುವುದು ಗಿಡ್ಡ, ಹಗುರ, ಪ್ರತಿ ಈಡಿಗೂ ಕೈಯಿಂದ ಬೋಲ್ಟ್ (ತೋಟಾ ತಳ್ಳುವ ಅಗುಳಿ) ಎಳೆಯುವ ರೈಫಲ್ ಬಗ್ಗೆ. ಬೆಟ್ಟ ಹತ್ತಲು, ಪೊದೆಯೊಳಗೆ ನುಗ್ಗಲು, ಟ್ರಕ್ಕಿನಲ್ಲಿ ಇಡಲು ಅನುಕೂಲವಾದದ್ದು. ಈ ಬಗೆಗೆ ಒಂದು ಅಳತೆ ಕೊಟ್ಟವರು ಅರಿಜೋನಾದ ಬಂದೂಕು ತರಬೇತುದಾರ ಜೆಫ್ ಕೂಪರ್. ಪಾಲ್ಡನ್ ಊರಿನ ಹತ್ತಿರದ ತಮ್ಮ ಗನ್‌ಸೈಟ್ ತರಬೇತಿ ಜಾಗದಲ್ಲಿ 1983ರಲ್ಲಿ ಅವರು ತಿಳಿದವರನ್ನು ಸೇರಿಸಿ ಚರ್ಚೆ ಮಾಡಿಸಿದರು. ಉದ್ದ 1 ಮೀಟರ್ ದಾಟಬಾರದು, ತೂಕ 3 ಕಿಲೋ ಆಸುಪಾಸು ಇರಬೇಕು, ಹೆಚ್ಚೆಂದರೆ 3.5. 200 ಕಿಲೋ ತನಕದ ಪ್ರಾಣಿಯನ್ನು ಒಂದೇ ಈಡಿಗೆ ಬೀಳಿಸುವಂತಿರಬೇಕು. ಇದಕ್ಕೆ ಅವರು ಸ್ಕೌಟ್ ರೈಫಲ್ ಎಂದು ಹೆಸರಿಟ್ಟರು. ಆಸ್ಟ್ರಿಯಾದ ಸ್ಟೈಯರ್ ಕಂಪನಿ 1998ರಲ್ಲಿ ಕೂಪರ್ ಜೊತೆ ಸೇರಿ ಇಂಥ ರೈಫಲ್ ತಂದಿತು. 2011ರಲ್ಲಿ ರೂಗರ್ ಕಂಪನಿಯದು ಬಂತು, ನಳಿಗೆ 16.5 ಇಂಚು. ನೀವು ಸ್ಕೌಟ್ ಅಂತ ಬರೆದಿರುವುದನ್ನೇ ಕೊಳ್ಳಬೇಕಾಗಿಲ್ಲ. 16ರಿಂದ 20 ಇಂಚು ನಳಿಗೆಯ ಯಾವ ಹಗುರ ರೈಫಲ್‌ಗೂ ಲೆಕ್ಕ ಒಂದೇ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. .308 ವಿಂಚೆಸ್ಟರ್ ತೆಗೆದುಕೊಳ್ಳಿ. ತೋಟಾದ ಹೆಸರಿನ ಮೊದಲ ಅಂಕಿ ಹೆಚ್ಚು ಕಡಿಮೆ ಗುಂಡಿನ ಅಗಲ, ಇಂಚಿನಲ್ಲಿ ಅಥವಾ ಎಂಎಂನಲ್ಲಿ. ಒದೆತ (ಹೊಡೆದಾಗ ರೈಫಲ್ ಹೆಗಲಿಗೆ ಕೊಡುವ ಪೆಟ್ಟು) ಜಾಸ್ತಿ ಅನ್ನಿಸಿದರೆ 7 ಎಂಎಂ-08 ರೆಮಿಂಗ್ಟನ್. ಈ ಉತ್ತರ ಯಾರಿಗೆ ಹೊಂದುವುದಿಲ್ಲ, ಯಾಕೆ ಅನ್ನುವುದನ್ನು ಮುಂದೆ ಒಂದೊಂದಾಗಿ ನೋಡೋಣ.

ಮೊದಲು ಕಾನೂನು

ತೋಟಾದ ಮಾತಿಗಿಂತ ಮುಂಚೆ ವೀಸಾದ ಮಾತು. ಎಚ್-1ಬಿ, ಎಲ್-1, ಎಫ್-1 ಅಥವಾ ಎಚ್-4ರಲ್ಲಿ ಇರುವವರು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಅದರಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಲೈಸೆನ್ಸ್ ಮುಗಿದ ದಿನ ಆ ವಿನಾಯಿತಿಯೂ ಮುಗಿಯಿತು. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. "ಫ್ರೆಂಡ್ ಮನೇಲಿ ಸುಮ್ನೆ ಇಟ್ಟಿದ್ದೀನಿ" ಅನ್ನುವ ಜಾಣತನ ಬೇಡ. ಅದು ವೀಸಾಕ್ಕೇ ಕುತ್ತು ತಂದರೆ ಕಷ್ಟ. ಸಂದೇಹ ಇದ್ದರೆ ವಲಸೆ ವಕೀಲರನ್ನು ಕೇಳಿ, ಅಂಗಡಿಯವನನ್ನಲ್ಲ.

ಆಮೇಲೆ ರಾಜ್ಯದ ಬೇಟೆ ನಿಯಮ. ಇದನ್ನು ಓದದೆ ತೋಟಾ ಆರಿಸುವುದು ದುಡ್ಡು ದಂಡ. ಕೊಲೊರಾಡೊ ತೆಗೆದುಕೊಳ್ಳಿ. ಅಲ್ಲಿ ದೊಡ್ಡ ಪ್ರಾಣಿಗೆ ಗುಂಡಿನ ಅಗಲ ಕನಿಷ್ಠ .24 ಇಂಚು, ಅಂದರೆ 6 ಎಂಎಂ ಇರಬೇಕು. ಜಿಂಕೆಗೆ ಕನಿಷ್ಠ 70 ಗ್ರೇನ್, ಎಲ್ಕ್‌ಗೆ 85 ಗ್ರೇನ್. ಗುಂಡು ಒಳಗೆ ಅರಳುವ ಬಗೆಯದಾಗಿರಬೇಕು. 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಹೀಗಾಗಿ ಎಲ್ಲರ ಮನೆಯಲ್ಲೂ ಇರುವ .223 ಅಲ್ಲಿ ಜಿಂಕೆಗೆ ನಡೆಯುವುದಿಲ್ಲ. ಇದರ ಜೊತೆಗೆ, 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಬೇಟೆ ಸುರಕ್ಷತೆಯ ಕೋರ್ಸ್ ಕಡ್ಡಾಯ. ಅಂದರೆ ನಿಮಗೂ ನನಗೂ.

ಒಹಾಯೊದಂಥ ಕಡೆ ಕತೆಯೇ ಬೇರೆ. ಸಪಾಟು ನೆಲ, ಹತ್ತಿರ ಹತ್ತಿರ ಮನೆಗಳು. ಅಲ್ಲಿ ಜಿಂಕೆ ಬೇಟೆಯ ರೈಫಲ್‌ಗೆ ಕತ್ತು ಸಣ್ಣಗಾಗದ, ನೇರ ಕೇಸಿನ ತೋಟಾ ಮಾತ್ರ ಒಪ್ಪುತ್ತಾರೆ. .308ರ ಕೇಸಿಗೆ ಬಾಟಲಿಯ ಹಾಗೆ ಕತ್ತು ಇದೆ, ಆದ್ದರಿಂದ ಅದು ಪಟ್ಟಿಯಿಂದ ಹೊರಗೆ. 2019ರಲ್ಲಿ ಬಂದ .350 ಲೆಜೆಂಡ್ ಇಂಥ ರಾಜ್ಯಗಳನ್ನೇ ನೋಡಿ ಮಾಡಿದ್ದು. ಒದೆತ ಕಡಿಮೆ, ಗಿಡ್ಡ ನಳಿಗೆಗೆ ಹೇಳಿ ಮಾಡಿಸಿದಂಥದ್ದು. ನೀವು ಒಹಾಯೊದ ಕೊಲಂಬಸ್‌ನಲ್ಲಿದ್ದು ಅಲ್ಲೇ ಬೇಟೆ ಆಡುವವರಾದರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲ, .350 ಲೆಜೆಂಡ್ ಅಥವಾ .450 ಬುಷ್‌ಮಾಸ್ಟರ್ ನೋಡಿ.

ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ತಾಮ್ರದ ಗುಂಡೇ ಬೇಕು. ಹಾಗಾಗಿ ತಾಮ್ರದ ಗುಂಡಿನಲ್ಲಿ ನಾಲ್ಕಾರು ಬಗೆ ಸಿಗುವ ತೋಟಾವನ್ನೇ ಆರಿಸಬೇಕು.

ಇನ್ನು ನಳಿಗೆ 16 ಇಂಚಿಗಿಂತ ಗಿಡ್ಡವಾದ ರೈಫಲ್‌ಗೆ ಕೇಂದ್ರದಲ್ಲಿ ಬೇರೆ ನೋಂದಣಿ ಬೇಕು. ಆ ತಲೆನೋವು ಬೇಟೆಗೆ ಬೇಕಾಗಿಲ್ಲ.

ಊರಲ್ಲಿರುವವರಿಗೂ ಒಂದು ಮಾತು. ಕರ್ನಾಟಕದಲ್ಲಿ ಈ ಆಯ್ಕೆ ಇಷ್ಟು ವಿಶಾಲವಾಗಿಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಶೋಕಿಯ ಬೇಟೆ ಅಪರಾಧ. ಸೈನ್ಯದ ತೋಟಾಗಳಾದ .303, 7.62 ಎಂಎಂ ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಸೈನ್ಯದ ತೋಟಾ ಜನರ ಕೈಗೆ ಸಿಗಬಾರದು ಅನ್ನುವ ಬ್ರಿಟಿಷರ ಕಾಲದ ಭಯದಿಂದಲೇ .315 ರೈಫಲ್ ಹುಟ್ಟಿದ್ದು. ತೋಟಾ ಆಸ್ಟ್ರಿಯಾದ ಹಳೇ 8 ಎಂಎಂ ಮಾನ್‌ಲಿಕರ್, ರೈಫಲ್‌ನ ಮೈಕಟ್ಟು ಲೀ-ಎನ್‌ಫೀಲ್ಡ್‌ದು. ಇವತ್ತಿಗೂ ಸರ್ಕಾರಿ ಕಾರ್ಖಾನೆಯ .315 ಸಿಗುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ 2029ರ ಅಕ್ಟೋಬರ್ ತನಕ ಲೈಸೆನ್ಸ್ ವಿನಾಯಿತಿ ಇದೆ. ಅದು ಕೋವಿ ಇಟ್ಟುಕೊಳ್ಳಲು ಕೊಟ್ಟ ವಿನಾಯಿತಿ. ಕಾಡಿಗೆ ಹೋಗಿ ಈಡು ಹೊಡೆಯಲು ಅಲ್ಲ.

ಪ್ರಾಣಿ ಯಾವುದು, ದೂರ ಎಷ್ಟು

ಒಂದು ಕಾಗದದ ಮೇಲೆ ಎರಡೇ ವಿಷಯ ಬರೆಯಿರಿ. ಮುಂದಿನ ಐದು ವರ್ಷದಲ್ಲಿ ನೀವು ನಿಜವಾಗಿ ಬೆನ್ನು ಹತ್ತುವ ಅತಿ ದೊಡ್ಡ ಪ್ರಾಣಿ ಯಾವುದು? ಮೈದಾನದಲ್ಲಿ, ಮೇಜಿನ ಆಸರೆ ಇಲ್ಲದೆ, ಊಟದ ತಟ್ಟೆಯಷ್ಟು ಅಗಲದ ಗುರಿಗೆ ಪ್ರತಿ ಸಲ ತಾಗಿಸಬಲ್ಲ ದೂರ ಎಷ್ಟು? ಬಹಳ ಜನಕ್ಕೆ ಎರಡನೆಯ ಉತ್ತರ 200 ಗಜದ ಒಳಗೇ ಇರುತ್ತದೆ. ಅದರಲ್ಲಿ ನಾಚಿಕೆ ಏನಿಲ್ಲ.

ಬಿಳಿಬಾಲದ ಜಿಂಕೆ, ಮ್ಯೂಲ್ ಜಿಂಕೆ, ಕಾಡುಹಂದಿ, ಕಪ್ಪು ಕರಡಿ, ಇವೆಲ್ಲ ಹೆಚ್ಚು ಕಡಿಮೆ ಕೂಪರ್ ಹೇಳಿದ 200 ಕಿಲೋದ ಲೆಕ್ಕಕ್ಕೆ ಬರುತ್ತವೆ. ಗಂಡು ಎಲ್ಕ್ ಬರುವುದಿಲ್ಲ. ಬಲಿತ ಗಂಡು 300 ಕಿಲೋ ದಾಟುತ್ತದೆ. ಆದರೂ .308ರಲ್ಲಿ ಗಟ್ಟಿಯಾದ 165 ಅಥವಾ 180 ಗ್ರೇನ್ ಗುಂಡು ಹಾಕಿ, ದೂರ ಹಿಡಿತದಲ್ಲಿಟ್ಟುಕೊಂಡರೆ ಎಲ್ಕ್‌ಗೂ ಸಾಕು. ಕಂದು ಕರಡಿಯ ಅಲಾಸ್ಕಾ ಕನಸು ಇದ್ದರೆ ಅದಕ್ಕೆ ಬೇರೆ ರೈಫಲ್. ವರ್ಷಕ್ಕೊಮ್ಮೆಯೂ ಬಾರದ ಅವಕಾಶಕ್ಕಾಗಿ ವರ್ಷವಿಡೀ ಭಾರದ ತೋಟಾ ಹೊತ್ತು ತಿರುಗುವುದು ಯಾಕೆ?

ತೋಟಾದ ಉದ್ದ ರೈಫಲ್‌ನ ಉದ್ದವನ್ನು ತೀರ್ಮಾನಿಸುತ್ತದೆ

ಇದನ್ನು ಬಹಳ ಜನ ಗಮನಿಸುವುದಿಲ್ಲ. ಬೋಲ್ಟ್ ರೈಫಲ್‌ನಲ್ಲಿ ಬೋಲ್ಟ್ ಹಿಂದೆ ಸರಿಯಬೇಕಾದ ದೂರ ತೋಟಾದ ಉದ್ದವನ್ನು ಅವಲಂಬಿಸಿದೆ. 1906ರ .30-06 ತೋಟಾದ ಪೂರ್ತಿ ಉದ್ದ ಸುಮಾರು 85 ಎಂಎಂ. 1952ರಲ್ಲಿ ಬಂದ .308 ಸುಮಾರು 71 ಎಂಎಂ. ಒಳಗೆ ಕೂರುವ ಗುಂಡು ಎರಡಕ್ಕೂ ಒಂದೇ ಅಗಲ, ವೇಗದಲ್ಲಿ ವ್ಯತ್ಯಾಸ ಸ್ವಲ್ಪವೇ. ಆದರೆ .308ಕ್ಕೆ ಗಿಡ್ಡ ಆಕ್ಷನ್ (ಬೋಲ್ಟ್ ಓಡಾಡುವ ಭಾಗ) ಸಾಕು. ರೈಫಲ್ ಸ್ವಲ್ಪ ಗಿಡ್ಡ, ಸ್ವಲ್ಪ ಹಗುರ, ಬೋಲ್ಟ್ ಎಳೆತವೂ ಚಿಕ್ಕದು. ಒಂದು ಮೀಟರಿನೊಳಗೆ ಎಲ್ಲ ಹಿಡಿಸಬೇಕು ಅಂದಾಗ ಇಷ್ಟು ಸಣ್ಣದೂ ಲೆಕ್ಕಕ್ಕೆ ಬರುತ್ತದೆ.

.308ರ ಕೇಸನ್ನೇ ಇಟ್ಟುಕೊಂಡು ಕತ್ತು ಸಣ್ಣ ಮಾಡಿ, ದಪ್ಪ ಮಾಡಿ ಒಂದು ಸಂಸಾರವೇ ಬೆಳೆದಿದೆ. 1955ರಲ್ಲಿ .243 ಮತ್ತು .358 ಬಂದವು. 1980ರಲ್ಲಿ 7 ಎಂಎಂ-08. 1997ರಲ್ಲಿ .260. 2006ರಲ್ಲಿ .338 ಫೆಡರಲ್. ಗಿಡ್ಡ ರೈಫಲ್‌ಗೆ ಹುಡುಕುವವರು ಈ ಸಂಸಾರದ ಒಳಗೆ ಹುಡುಕಿದರೆ ಸಾಕು, ಹೊರಗಿನವರಲ್ಲಿ ಗಂಭೀರವಾಗಿ ನೋಡಬೇಕಾದ್ದು 6.5 ಕ್ರೀಡ್‌ಮೂರ್ ಒಂದೇ ಅನ್ನುವುದು ನನ್ನ ಅಭಿಪ್ರಾಯ.

ಕೂಪರ್ ಕೂಡ .308ನ್ನೇ ಮೊದಲಿಗೆ ಇಟ್ಟರು. ಸೈನ್ಯದ ತೋಟಾ ನಾಗರಿಕರಿಗೆ ನಿಷೇಧ ಇರುವ ದೇಶಗಳಿಗೆ 7 ಎಂಎಂ-08, ಒದೆತ ತಡೆಯದವರಿಗೆ .243 ಎಂದರು.

ನಳಿಗೆ ಗಿಡ್ಡವಾದರೆ ಎಷ್ಟು ನಷ್ಟ?

ಪೆಟ್ಟಿಗೆಯ ಮೇಲೆ ಬರೆದ ವೇಗವನ್ನು ಸಾಮಾನ್ಯವಾಗಿ 24 ಇಂಚಿನ ನಳಿಗೆಯಲ್ಲಿ ಅಳೆದಿರುತ್ತಾರೆ. ನಿಮ್ಮದು 16.5 ಇಂಚಾದರೆ ಆ ಅಂಕಿ ನಿಮಗೆ ಸೇರಿದ್ದಲ್ಲ. .308ರಲ್ಲಿ ಒಂದೊಂದು ಇಂಚಿಗೆ ಸೆಕೆಂಡಿಗೆ ಸುಮಾರು 20ರಿಂದ 25 ಅಡಿ ವೇಗ ಇಳಿಯುತ್ತದೆ. 150 ಗ್ರೇನ್ ಗುಂಡಿಗೆ ಪೆಟ್ಟಿಗೆಯ ಮೇಲೆ 2,820 ಅಡಿ ಅಂತ ಇದ್ದರೆ, ಗಿಡ್ಡ ನಳಿಗೆಯಲ್ಲಿ 2,650ರ ಆಸುಪಾಸು ಬರುತ್ತದೆ ಅಂದುಕೊಳ್ಳಿ.

ಇದು ಹೆದರುವಷ್ಟು ನಷ್ಟವೇ? ಹಳೆಯ .300 ಸ್ಯಾವೇಜ್ ತೋಟಾದ ವೇಗ ಸುಮಾರು 2,630 ಅಡಿ. 1920ರಿಂದ ಅಮೆರಿಕದ ಹಳ್ಳಿಗಳಲ್ಲಿ ಅದರಿಂದ ಎಷ್ಟು ತಲೆಮಾರು ಜಿಂಕೆ ಹೊಡೆದಿಲ್ಲ! ನಿಮ್ಮ ಗಿಡ್ಡ .308 ಕೊನೆಗೆ ಅದೇ ಕೆಲಸ ಮಾಡುತ್ತದೆ. ಇವತ್ತಿನ ಗುಂಡುಗಳು ಆ ಕಾಲದವಕ್ಕಿಂತ ಚೆನ್ನಾಗಿವೆ ಬೇರೆ.

ಮ್ಯಾಗ್ನಮ್ ತೋಟಾಗಳ ಮಾತು ಬೇರೆ. 1963ರ .300 ವಿಂಚೆಸ್ಟರ್ ಮ್ಯಾಗ್ನಮ್‌ನಲ್ಲಿ ನಿಧಾನವಾಗಿ ಉರಿಯುವ ಮದ್ದು ತುಂಬಾ ಇರುತ್ತದೆ. ಅದಕ್ಕೆ ಉದ್ದ ನಳಿಗೆ ಬೇಕು. ಗಿಡ್ಡ ನಳಿಗೆಗೆ ಹಾಕಿದರೆ ಮದ್ದಿನ ಒಂದು ಪಾಲು ಬಾಯಿಂದಾಚೆ ಬೆಂಕಿಯಾಗಿ ಹೋಗುತ್ತದೆ. ಒಲೆಯ ಆಚೆ ಉರಿದ ಸೌದೆಯಿಂದ ಅನ್ನ ಬೇಯುವುದಿಲ್ಲ. ಶಬ್ದ, ಒದೆತ, ಖರ್ಚು ಮಾತ್ರ ಪೂರ್ತಿ ಸಿಗುತ್ತವೆ.

ಶಬ್ದ ಅಂದಾಗ ನೆನಪಾಯಿತು. ಗಿಡ್ಡ ನಳಿಗೆ ಅಂದರೆ ಸ್ಫೋಟ ನಿಮ್ಮ ಕಿವಿಗೆ ಅಷ್ಟು ಹತ್ತಿರ. ನಳಿಗೆಯ ಬಾಯಿಗೆ ಮಜಲ್ ಬ್ರೇಕ್ (ಅನಿಲವನ್ನು ಪಕ್ಕಕ್ಕೆ ತಿರುಗಿಸುವ ತುಂಡು) ಹಾಕಿದರೆ ಒದೆತ ಇಳಿಯುತ್ತದೆ, ಆದರೆ ಶಬ್ದ ಇನ್ನೂ ಪಕ್ಕಕ್ಕೆ, ಹಿಂದಕ್ಕೆ ಬರುತ್ತದೆ. ಕಿವಿಗೆ ರಕ್ಷಣೆ ಇಲ್ಲದೆ ಒಂದೇ ಒಂದು ಈಡೂ ಬೇಡ, ಕಾಡಿನಲ್ಲೂ ಬೇಡ.

ಹೆಗಲು ಏನನ್ನುತ್ತದೆ

ನನ್ನ ಪ್ರಕಾರ ಇಡೀ ಆಯ್ಕೆಯ ಹೃದಯ ಇಲ್ಲಿದೆ. ಅದೇ ತೋಟಾವನ್ನು 4 ಕಿಲೋ ರೈಫಲ್‌ನಿಂದ 3 ಕಿಲೋ ರೈಫಲ್‌ಗೆ ಹಾಕಿದರೆ ಒದೆತದ ಶಕ್ತಿ ಮೂರನೇ ಒಂದರಷ್ಟು ಏರುತ್ತದೆ. ಅಂಗಡಿಯಲ್ಲಿ ಕೈಗೆ ಎತ್ತಿದಾಗ "ಆಹಾ, ಎಷ್ಟು ಹಗುರ!" ಅನ್ನಿಸಿದ್ದು ರೇಂಜಿನಲ್ಲಿ ಹೆಗಲಿಗೆ ಲೆಕ್ಕ ಚುಕ್ತಾ ಮಾಡುತ್ತದೆ.

ಒದೆತಕ್ಕೆ ಹೆದರಿದವರು ಕುದುರೆ (ಟ್ರಿಗರ್) ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತಾರೆ, ಹೆಗಲು ಮುಂದಕ್ಕೆ ತಳ್ಳುತ್ತಾರೆ. ಗುಂಡು ಒಂದು ಗೇಣು ಆಚೆ ಹೋಗುತ್ತದೆ. ಪ್ರಾಣಿ ಹೊಟ್ಟೆಗೆ ಪೆಟ್ಟು ತಿಂದು ಓಡಿಹೋಗುತ್ತದೆ, ಎಲ್ಲೋ ನರಳಿ ಸಾಯುತ್ತದೆ. ಅಂಥ ಕಡೆ ತೋಟಾದ ಶಕ್ತಿ ಎಷ್ಟಿದ್ದರೂ ಉಪಯೋಗವಿಲ್ಲ. ಚೆನ್ನಾಗಿ ಕೂತ .243 ಗುಂಡು ತಪ್ಪಾಗಿ ಕೂತ .308ಕ್ಕಿಂತ ಎಷ್ಟೋ ಮೇಲು.

ಹಾಗಾಗಿ ಕೊಳ್ಳುವ ಮುಂಚೆ ಹೊಡೆದು ನೋಡಿ. ಸ್ನೇಹಿತರ ರೈಫಲ್ ಆಗಲಿ, ಬಾಡಿಗೆಗೆ ಕೊಡುವ ರೇಂಜ್ ಆಗಲಿ. ಪರೀಕ್ಷೆ ಸುಲಭ: ಜೊತೆಗಿರುವವರು ನಿಮಗೆ ತೋರಿಸದೆ ಕೆಲವು ಸಲ ನಿಜ ತೋಟಾ, ಕೆಲವು ಸಲ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ಕೊಡಲಿ. ಡಮ್ಮಿ ಬಂದಾಗ ನಳಿಗೆ ಕುಣಿದರೆ ನಿಮ್ಮ ಹೆಗಲು ಸತ್ಯ ಹೇಳಿದ ಹಾಗೆ. ಆಗ 7 ಎಂಎಂ-08ಕ್ಕೆ ಇಳಿಯಿರಿ. 140 ಗ್ರೇನ್ ಗುಂಡು, ಪೆಟ್ಟಿಗೆ ಲೆಕ್ಕದಲ್ಲಿ ಸುಮಾರು 2,860 ಅಡಿ ವೇಗ. ಜಿಂಕೆಗೆ .308ಕ್ಕೂ ಇದಕ್ಕೂ ವ್ಯತ್ಯಾಸ ಕಾಣದು, ಎಲ್ಕ್‌ಗೂ ಒಳ್ಳೆಯ ಗುಂಡು ಹಾಕಿದರೆ ನಡೆಯುತ್ತದೆ. ಮನೆಯಲ್ಲಿ ಹೆಂಡತಿ, ದೊಡ್ಡ ಮಗಳು ಎಲ್ಲರೂ ಒಂದೇ ರೈಫಲ್ ಬಳಸುವುದಾದರೆ ನಾನು ನೇರ ಇದನ್ನೇ ಹೇಳುತ್ತೇನೆ. ಎಲ್ಕ್ ಬೇಡ, ಜಿಂಕೆ ಸಾಕು ಅನ್ನುವವರಿಗೆ 100 ಗ್ರೇನ್‌ನ .243 ಇನ್ನೂ ಮೆತ್ತಗೆ.

6.5 ಕ್ರೀಡ್‌ಮೂರ್ ಬಗ್ಗೆ ಪ್ರೀತಿಯೂ ಜಾಸ್ತಿ, ಗೇಲಿಯೂ ಜಾಸ್ತಿ. ಹಾರ್ನಡಿ ಕಂಪನಿ 2007ರಲ್ಲಿ ದೂರದ ಗುರಿ ಸ್ಪರ್ಧೆಗೆ ಅಂತ ತಂದದ್ದು. ಉದ್ದ ತೆಳ್ಳನೆಯ ಗುಂಡು, ಗಾಳಿಗೆ ಜಗ್ಗುವುದು ಕಡಿಮೆ, ಒದೆತವೂ .308ಕ್ಕಿಂತ ಕಡಿಮೆ. ಆದರೆ ಅದರ ಹೆಚ್ಚುಗಾರಿಕೆ ಕಾಣಿಸುವುದು 400 ಗಜ ದಾಟಿದ ಮೇಲೆ. ಎರಡೂವರೆ ಪಟ್ಟು ತೋರಿಸುವ ಸ್ಕೋಪ್ ಹಾಕಿದ 3 ಕಿಲೋ ರೈಫಲ್‌ನಿಂದ ಅಲ್ಲಿಗೆ ಹೊಡೆಯುವುದಾದರೂ ಯಾಕೆ? ಒದೆತ ಕಡಿಮೆ ಅನ್ನುವ ಕಾರಣಕ್ಕೆ ಕೊಂಡರೆ ಸರಿಯಾದ ಕಾರಣ. ತೋಟಾವೂ ಎಲ್ಲ ಕಡೆ ಸಿಗುತ್ತದೆ.

ಊರಿನ ಅಂಗಡಿಯ ಕಪಾಟು

ನೀವು ಬೇಟೆಗೆ ಹೋಗುವ ದಾರಿಯಲ್ಲಿ ಕೊನೆಯ ಸಣ್ಣ ಊರು ಯಾವುದೋ, ಆ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಏನು ಸಿಗುತ್ತದೆ ನೋಡಿ. .308, .30-06, .243, .30-30, 6.5 ಕ್ರೀಡ್‌ಮೂರ್ ಸಾಮಾನ್ಯವಾಗಿ ಇರುತ್ತವೆ. 7 ಎಂಎಂ-08 ಕೆಲವು ಕಡೆ ಮಾತ್ರ. .260, .358, .338 ಫೆಡರಲ್ ಕೇಳಿದರೆ ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ. ಇವು ಕೆಟ್ಟ ತೋಟಾಗಳಲ್ಲ, .358 ಅಂತೂ ಕಾಡಿನೊಳಗೆ ಅದ್ಭುತ. ಆದರೆ ವಿಮಾನದಲ್ಲಿ ಬ್ಯಾಗ್ ಕಳೆದುಹೋದ ದಿನ ನಿಮಗೆ ಗೊತ್ತಾಗುತ್ತದೆ. ತೋಟಾವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ಚೆಕ್-ಇನ್ ಸಾಮಾನಿನಲ್ಲಿ, ಸರಿಯಾದ ಪೆಟ್ಟಿಗೆಯಲ್ಲಿ, ಹೆಚ್ಚಿನ ಏರ್‌ಲೈನ್‌ಗಳಲ್ಲಿ ಒಬ್ಬರಿಗೆ 5 ಕಿಲೋ ತನಕ ಮಾತ್ರ.

ಅಭ್ಯಾಸದ ಬೆಲೆಯೂ ಇಲ್ಲೇ ಸೇರುತ್ತದೆ. .308ಕ್ಕೆ ಅಗ್ಗದ ಅಭ್ಯಾಸದ ತೋಟಾ ಸುಲಭವಾಗಿ ಸಿಗುತ್ತದೆ. ದುಬಾರಿ ಬೇಟೆ ತೋಟಾ ಮಾತ್ರ ಸಿಗುವ ರೈಫಲ್ ಕೊಂಡವರು ಅಭ್ಯಾಸಕ್ಕೆ ಹೊಡೆಯುವುದೇ ಕಡಿಮೆ.

ಕಾಡಂಚಿನಲ್ಲಿ, 150 ಗಜದೊಳಗೆ ಜಿಂಕೆ ಅಷ್ಟೇ ಅನ್ನುವವರಿಗೆ 1895ರ .30-30 ಇಂದಿಗೂ ಒಳ್ಳೆಯದು, ಲಿವರ್ ರೈಫಲ್ ಇಷ್ಟವಾಗಬೇಕು ಅಷ್ಟೆ. ಇಂಥ ರೈಫಲ್‌ನ ಕೊಳವೆ ಮ್ಯಾಗಜೀನ್‌ಗೆ (ತೋಟಾಗಳು ಒಂದರ ಹಿಂದೊಂದು ಕೂರುವ ಕೊಳವೆ) ಚೂಪು ಮೂತಿಯ ಗಟ್ಟಿ ಗುಂಡು ಹಾಕಬೇಡಿ. ಒಂದರ ಮೂತಿ ಮುಂದಿನದರ ಕೇಪಿಗೆ ತಾಗಿಕೊಂಡಿರುತ್ತದೆ, ಒಳಗೇ ಸಿಡಿಯಬಹುದು. ಮೊಂಡು ಮೂತಿ ಅಥವಾ ಇದಕ್ಕೆಂದೇ ಮಾಡಿದ ಮೆತ್ತನೆ ತುದಿಯದೇ ಬೇಕು. .300 ಬ್ಲ್ಯಾಕ್‌ಔಟ್ ತೀರಾ ಗಿಡ್ಡ ನಳಿಗೆಗೆ ಚೆಂದ, ಆದರೆ ಎಲ್ಲಾ ಕೆಲಸದ ರೈಫಲ್‌ಗೆ ಸಾಲದು.

ಗುಂಡು ಮತ್ತು ನಳಿಗೆಯ ಮೇಲಿನ ಬರಹ

ತೋಟಾ ತೀರ್ಮಾನವಾಯಿತು. ಈಗ ಅದರ ತುದಿಯಲ್ಲಿ ಕೂರುವ ಗುಂಡು. .308ರಲ್ಲಿ ಜಿಂಕೆಗೆ 150 ಗ್ರೇನ್‌ನ ಸಾಮಾನ್ಯ ಮೆತ್ತನೆ ತುದಿಯ ಗುಂಡು ಸಾಕು. ಎಲ್ಕ್ ಇದ್ದರೆ ಸೀಸ ತಾಮ್ರದ ಹೊದಿಕೆಗೆ ಬೆಸೆದುಕೊಂಡಿರುವ ಬಾಂಡೆಡ್ ಗುಂಡು, 165 ಅಥವಾ 180. ಪೂರ್ತಿ ತಾಮ್ರದ್ದಾದರೆ ತೂಕ ಒಂದು ಮೆಟ್ಟಿಲು ಇಳಿಸಿ, 130 ಅಥವಾ 150 ತೆಗೆದುಕೊಳ್ಳಿ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಗಟ್ಟಿ ಕೂಡ, ಅರಳಲು ವೇಗ ಬೇಕು. ಗಿಡ್ಡ ನಳಿಗೆಯವರು ತಯಾರಕರು ಹೇಳಿದ ಕನಿಷ್ಠ ವೇಗ ನೋಡಿ, ನಿಮ್ಮ ಗುಂಡು ಯಾವ ದೂರದಲ್ಲಿ ಆ ವೇಗಕ್ಕೆ ಇಳಿಯುತ್ತದೋ ಅಲ್ಲಿಗೆ ನಿಮ್ಮ ಗಡಿ.

ಸೈನ್ಯದ ಬಗೆಯ, ಪೂರ್ತಿ ಹೊದಿಕೆಯ ಗುಂಡು ಅಭ್ಯಾಸಕ್ಕೆ ಮಾತ್ರ. ಅದು ಅರಳುವುದಿಲ್ಲ, ಪ್ರಾಣಿಯ ಆಚೆ ಹೊರಟು ಹೋಗುತ್ತದೆ. ಬಹಳ ಕಡೆ ಬೇಟೆಗೆ ನಿಷೇಧವೂ ಹೌದು.

ನಳಿಗೆಯ ಮೇಲೆ ಕೊರೆದ ಹೆಸರು ಮತ್ತು ಪೆಟ್ಟಿಗೆಯ ಹೆಸರು ಅಕ್ಷರ ಅಕ್ಷರವೂ ಹೊಂದಬೇಕು. .308ರ ಚೇಂಬರಿಗೆ 7 ಎಂಎಂ-08 ಅಥವಾ .243 ತೋಟಾ ಹೊಗುತ್ತದೆ, ಸಿಡಿಯುತ್ತದೆ ಕೂಡ. ಇನ್ನೂ ಅಪಾಯ .300 ಬ್ಲ್ಯಾಕ್‌ಔಟ್‌ದು. ಅದು .223ರ ಮ್ಯಾಗಜೀನ್‌ನಲ್ಲೇ ಕೂರುತ್ತದೆ, ಕೆಲವೊಮ್ಮೆ ಆ ಚೇಂಬರಿಗೂ ಹೋಗಿಬಿಡುತ್ತದೆ. .30 ಇಂಚಿನ ಗುಂಡು .22 ಇಂಚಿನ ನಳಿಗೆಯಲ್ಲಿ ಹೊರಟರೆ ರೈಫಲ್ ನಿಮ್ಮ ಮುಖದ ಮುಂದೆ ಒಡೆಯುತ್ತದೆ. ಮನೆಯಲ್ಲಿ ಎರಡು ರೈಫಲ್ ಇದ್ದರೆ ತೋಟಾಗಳು ಬೇರೆ ಬೇರೆ ಬಣ್ಣದ ಡಬ್ಬಿಯಲ್ಲಿರಲಿ. ರೇಂಜಿಗೆ ಒಂದು ಸಲಕ್ಕೆ ಒಂದೇ ಬಗೆ ಒಯ್ಯಿರಿ.

ರೇಂಜಿನಲ್ಲಿ

ಆರಿಸಿದ ತೂಕದಲ್ಲಿ ಎರಡು ಮೂರು ಕಂಪನಿಯ ತೋಟಾ ಒಂದೊಂದು ಪೆಟ್ಟಿಗೆ ತನ್ನಿ. ಪ್ರತಿ ನಳಿಗೆಗೂ ಅದರದೇ ಇಷ್ಟ ಇರುತ್ತದೆ. ತೆಳು ನಳಿಗೆ ಬೇಗ ಬಿಸಿಯಾಗುತ್ತದೆ, ಮೂರು ಈಡು ಹೊಡೆದು ತಣ್ಣಗಾಗಲು ಬಿಡಿ. 100 ಗಜದಲ್ಲಿ ಮೂರೂ ಎರಡು ಇಂಚಿನೊಳಗೆ ಬಿದ್ದರೆ ಬೇಟೆಗೆ ಸಾಕು, ಅರ್ಧ ಇಂಚಿನ ಹಿಂದೆ ಬಿದ್ದು ದುಡ್ಡು ಕಳೆಯಬೇಡಿ.

ಸ್ಕೋಪ್‌ನ ಗುರಿಯೂ ಗುಂಡು ಬೀಳುವ ಜಾಗವೂ 200 ಗಜದಲ್ಲಿ ಒಂದಾಗುವಂತೆ ಕೂರಿಸಿ. 150 ಗ್ರೇನ್ .308 ಆಗ 100 ಗಜದಲ್ಲಿ ಸುಮಾರು ಎರಡು ಇಂಚು ಮೇಲೆ ಬೀಳುತ್ತದೆ. 300 ಗಜದಲ್ಲಿ ಎಂಟರಿಂದ ಹತ್ತು ಇಂಚು ಕೆಳಗೆ, ಗಿಡ್ಡ ನಳಿಗೆಯಾದರೆ ಹತ್ತರ ಕಡೆಗೇ. ನಿಮ್ಮ ನಳಿಗೆಯ ನಿಜ ಅಂಕಿ ಹೊಡೆದೇ ತಿಳಿಯಬೇಕು, ತಿಳಿದ ಮೇಲೆ ಒಂದು ಪಟ್ಟಿ ಬರೆದು ಸ್ಟಾಕಿಗೆ ಅಂಟಿಸಿ. ಇಷ್ಟವಾದ ತೋಟಾ ಸಿಕ್ಕಿತು ಅಂದಮೇಲೆ ಪೆಟ್ಟಿಗೆಯ ಲಾಟ್ ನಂಬರ್ ನೋಡಿಕೊಂಡು ಅದೇ ಲಾಟಿನಲ್ಲಿ ಎರಡು ಹಂಗಾಮಿಗೆ ಆಗುವಷ್ಟು ಕೊಂಡುಬಿಡಿ. ಬೇಸಿಗೆಯಲ್ಲೇ ಕೊಳ್ಳಿ, ಅಕ್ಟೋಬರ್ ಹೊತ್ತಿಗೆ ಎಲ್ಲರೂ ಅದೇ ಕಪಾಟಿನ ಮುಂದೆ ನಿಂತಿರುತ್ತಾರೆ.